ದೀಪಾವಳಿ ಬಹುಮಾನ ಮತ್ತು ನಮ್ಮ ಮನೆಮಾತು

ಪ್ರಶಸ್ತಿ ಅಂದಕೂಡಲೇ ಮುಖ ತಿರುಗಿಸುವುದು ನಮ್ಮ ಚಳವಳಿಯ ಗೆಳೆಯರ ಹಳೆಯ ರೂಢಿ. ಅದಕ್ಕೆ ಕಾರಣವಿತ್ತು. ಸಾಹಿತ್ಯವೆಂಬುದು ಕೆಲವೇ ಜಾತಿಗಳ, ಕೆಲವೇ ಮನೆಗಳ ಪಡಸಾಲೆಯ ಮಾತಾಗಿದ್ದ ಕಾಲದಲ್ಲಿ ಪ್ರಶಸ್ತಿಯೆಂಬುದು ಆ ಪಡಸಾಲೆಯ ಎಲೆ ಅಡಿಕೆಯಾಗಿತ್ತು. ತಟ್ಟೆ ಹಿಡಿದವರೂ ಅವರೇ, ಕೈ ಚಾಚಿದವರೂ ಅವರೇ. ಹೊರಗೆ ನಿಂತು ಚಪ್ಪಾಳೆ ತಟ್ಟುವುದಷ್ಟೇ ನಮ್ಮ ಪಾಲಿನ ಕೆಲಸ.

ಆದರೂ ಈ ಲೇಖನದಲ್ಲಿ ನಾನು ಒಂದು ಬಹುಮಾನವನ್ನು ಹೊಗಳಲು ಹೊರಟಿದ್ದೇನೆ. ಹೊಗಳಿದ ಮೇಲೆ ಅದರ ಮುಂದೆ ಒಂದು ಪ್ರಶ್ನೆಯನ್ನೂ ಇಡುತ್ತೇನೆ. 'ಪ್ರಜಾವಾಣಿ' ಪತ್ರಿಕೆ ತನ್ನ ದೀಪಾವಳಿ ವಿಶೇಷಾಂಕಕ್ಕೆಂದು ನಡೆಸಿಕೊಂಡು ಬಂದಿರುವ ಕಥಾಸ್ಪರ್ಧೆಯ ಬಗ್ಗೆ ಈ ಮಾತು. 1948ರಲ್ಲಿ ಹುಟ್ಟಿದ ಪತ್ರಿಕೆ ಅದು. ಅದರ ಕಥಾಸ್ಪರ್ಧೆ ದಶಕಗಳಿಂದ ನಡೆದಿದೆ, ಇವತ್ತಿಗೂ ನಡೆಯುತ್ತಿದೆ. ಕನ್ನಡದಲ್ಲಿ ಸಣ್ಣಕಥೆಗೆ ಕೊಡುವ ಬಹುಮಾನಗಳಲ್ಲಿ ಇಷ್ಟು ದೀರ್ಘಕಾಲ ನಡೆದು, ಇಷ್ಟು ಹಳ್ಳಿಗಳಿಗೆ ಹೆಸರು ಮುಟ್ಟಿಸಿಕೊಂಡದ್ದು ಬೇರೆ ಯಾವುದೂ ನನಗೆ ತಕ್ಷಣ ನೆನಪಿಗೆ ಬರುವುದಿಲ್ಲ.

ಈ ಮಾತು ಹುಟ್ಟಿದ್ದು ಬೆಳಗಾವಿಯ ಕೋಟೆಯೊಳಗೆ. ಖಾನಾಪುರ ಕಡೆಯ ಇಬ್ಬರು ಮಾಸ್ತರರು, ಕಾಲೇಜಿಗೆ ಹೋಗುವ ನಾಲ್ಕಾರು ಹುಡುಗ ಹುಡುಗಿಯರು, ಮತ್ತು ನಾನು ಒಂದು ಭಾನುವಾರ ಕಮಲಬಸದಿಯ ಹೊರಗಿನ ಹುಲ್ಲಿನ ಮೇಲೆ ಕೂತಿದ್ದೆವು. ಮಾಸ್ತರರೊಬ್ಬರು ಕೈಚೀಲದಲ್ಲಿ ಹಳೆಯ ದೀಪಾವಳಿ ಸಂಚಿಕೆಗಳನ್ನು ಕಟ್ಟಿಕೊಂಡು ಬಂದಿದ್ದರು. ಶಾಲೆಯ ಕಪಾಟಿನಲ್ಲಿ, ಹಳೇ ಹಾಜರಿ ಪುಸ್ತಕಗಳ ಅಡಿಯಲ್ಲಿ, ಗೆದ್ದಲು ತಿಂದು ಉಳಿದವು. ಒಂದೊಂದಾಗಿ ಬಹುಮಾನದ ಕಥೆಗಳನ್ನು ಜೋರಾಗಿ ಓದುವುದು, ಓದಿ ಜಗಳಾಡುವುದು ನಮ್ಮ ಕಾರ್ಯಕ್ರಮ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗಿ ಕೇಳಿದಳು:

"ಸರ್ರ, ನಮ್ಮವ್ವ ಮರಾಠಿ ಮಾತಾಡ್ತಾಳ್ರಿ. ಅಪ್ಪಂದು ಕನ್ನಡ. ನಾ ಎರಡೂ ಕೂಡಿಸೇ ಕಥಿ ಬರದೇನ್ರಿ. ಇಂಥಾದಕ್ಕ ಬಹುಮಾನ ಬರೂದಿಲ್ಲ, ಮೊದಲ ಭಾಷಾ ಸುದ್ದ ಮಾಡ ಅಂತ ಹೇಳ್ಯಾರ್ರಿ. ಖರೇನ್ರಿ?"

ಆಕೆಗೆ ಹಾಗೆ ಹೇಳಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದವರೂ ಅಲ್ಲ. ಆ ಹೊತ್ತಿಗೆ ನಾನೊಂದು ಹಾರಿಕೆಯ ಉತ್ತರ ಕೊಟ್ಟೆ. ಅದರ ನಾಚಿಕೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

*

ಮೊದಲು ಹೊಗಳಿಕೆ. ಅದನ್ನು ಲೆಕ್ಕವಿಟ್ಟೇ ಮಾಡಬೇಕು.

ದೀಪಾವಳಿ ವಿಶೇಷಾಂಕ ಎಂಬ ವಸ್ತುವೇ ನಮ್ಮ ನೆರೆಮನೆಯದು. 1909ರಲ್ಲಿ ಕಾಶೀನಾಥ ರಘುನಾಥ ಮಿತ್ರ ಎಂಬ ಸಂಪಾದಕರು ತಮ್ಮ 'ಮನೋರಂಜನ' ಎಂಬ ಮರಾಠಿ ಮಾಸಪತ್ರಿಕೆಗೆ ದೀಪಾವಳಿಯ ದೊಡ್ಡ ಸಂಚಿಕೆ ತಂದರು. ಮರಾಠಿಯಲ್ಲಿ ದಿವಾಳಿ ಅಂಕ ಅನ್ನುವುದು ಅಲ್ಲಿಂದ ಶುರು. ಹಬ್ಬಕ್ಕೆ ಉಂಡೆ ಚಕ್ಕುಲಿ ಮಾಡಿದಂತೆ ಓದುವ ಮನೆಗಳಲ್ಲಿ ಕಥೆ, ಕವನ, ಚಿತ್ರಗಳ ದಪ್ಪ ಸಂಚಿಕೆಯೂ ಹಬ್ಬದ ಸಾಮಾನಾಯಿತು. ಆ ಪದ್ಧತಿ ಮುಂದೆ ಕನ್ನಡದಲ್ಲೂ ಬೇರು ಬಿಟ್ಟಿತು. ಬೆಳಗಾವಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡೂ ಭಾಷೆಯ ಸಂಚಿಕೆಗಳನ್ನು ಒಂದೇ ಹಗ್ಗಕ್ಕೆ ನೇತು ಹಾಕಿದ ಪುಸ್ತಕದಂಗಡಿಗಳನ್ನು ನೋಡಿ ಬೆಳೆದ ಊರು ಇದು. ಹಾಗಾಗಿ ಯಾರಾದರೂ ದೀಪಾವಳಿ ಕಥೆಯ ಬಗ್ಗೆ 'ಅಚ್ಚ ಕನ್ನಡದ ಪರಂಪರೆ' ಎಂದು ಭಾಷಣ ಮಾಡಿದರೆ ಈ ಹಗ್ಗವನ್ನು ನೆನಪು ಮಾಡಿಕೊಡಬೇಕು.

ಎರಡನೆಯದು, ಅಂಚೆ. ಹಳೆಯ ಕಾಲದಲ್ಲಿ ಕಥೆಗಾರನಾಗಬೇಕಾದರೆ ಒಬ್ಬ ಹಿರಿಯರ ಕೃಪೆ ಬೇಕಿತ್ತು. ಅವರ ಮನೆಗೆ ಹೋಗಬೇಕು, ಜಗಲಿಯ ಮೇಲೆ ಕಾಯಬೇಕು, ಒಳಗೆ ಕರೆದರೆ ಹೋಗಬೇಕು. ಒಳಗೆ ಕರೆಯದ ಜಾತಿಯವನು ಏನು ಮಾಡಬೇಕು? ಈ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಕಥಾಸ್ಪರ್ಧೆ ಬಂದ ಮೇಲೆ ಒಂದು ಲಕೋಟೆ, ಅದಕ್ಕೆ ತಕ್ಕ ಅಂಚೆಚೀಟಿ ಸಾಕಾಯಿತು. ಯಾರ ಜಗಲಿಯನ್ನೂ ಹತ್ತದೆ ಕಥೆಯೊಂದು ಸಂಪಾದಕರ ಮೇಜಿಗೆ ಹೋಗಿ ಕೂರಬಹುದಾಯಿತು. ಇದು ಸಣ್ಣ ಸಂಗತಿಯಲ್ಲ. ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರ, ಹಾಸ್ಟೆಲ್ಲಿನ ಹುಡುಗ, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಗಳು ಇಂಥ ಸ್ಪರ್ಧೆಗಳ ಭರವಸೆಯ ಮೇಲೇ ಬರೆದರು.

ಮೂರನೆಯದು, ಹೆಸರು ಮುಚ್ಚುವ ನಿಯಮ. ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಥೆಯ ಹಾಳೆಯ ಮೇಲೆ ಹೆಸರು ಇರಕೂಡದು. ಹೆಸರು ವಿಳಾಸ ಬೇರೆ ಹಾಳೆಯಲ್ಲಿರಬೇಕು. ಹೆಸರು ಕೇಳಿ, ಊರು ಕೇಳಿ, ಮನೆತನ ಕೇಳಿ, ಕೊನೆಗೆ ಜಾತಿ ತಿಳಿದುಕೊಂಡ ಮೇಲೆ ನೀರು ಕೊಡುವ ದೇಶದಲ್ಲಿ ಹೆಸರಿಲ್ಲದ ಒಂದು ಬರಹವನ್ನು ಮೊದಲು ಓದಬೇಕಾಗಿ ಬರುವುದು ದೊಡ್ಡದೇ.

ಈ ಬಾಗಿಲಿನಿಂದ ಯಾರು ಬಂದರು? ಒಂದು ಹೆಸರು ಹೇಳಿದರೆ ಸಾಕು. ಚನ್ನಪಟ್ಟಣ ತಾಲ್ಲೂಕಿನ ದಲಿತ ಕೇರಿಯಿಂದ ಬಂದ ಮೊಗಳ್ಳಿ ಗಣೇಶರ 'ಬುಗುರಿ' ಕಥೆ ಈ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಅವರ ಕಥೆಗಳ ಹೆಸರುಗಳನ್ನೇ ನೋಡಿ: ಒಂದು ಬುಗುರಿ, ಒಂದು ಹಳೆಯ ಚಡ್ಡಿ, ಬತ್ತ. ಬಡ ಮನೆಯ ಮಗುವಿನ ಕೈಗೆ, ಮೈಗೆ, ಹೊಟ್ಟೆಗೆ ಸಂಬಂಧಪಟ್ಟ ಮೂರು ವಸ್ತುಗಳು. ಹಿಂದಿನವರು ಕಥೆಗೆ ವಸ್ತುವೆಂದು ಎಣಿಸದೇ ಇದ್ದವು. ಈ ಕಥೆಗಾರ 2025ರ ಅಕ್ಟೋಬರಿನಲ್ಲಿ ತೀರಿಹೋದಾಗ ನಮ್ಮ ಕಡೆಯ ಮಾಸ್ತರರು ಮೊದಲು ನೆನೆದದ್ದು ಅವರ ಪದವಿಯನ್ನಲ್ಲ, ಬುಗುರಿಯನ್ನು. ಒಂದು ಬಹುಮಾನ ಸಾರ್ಥಕವಾಗುವುದು ಹೀಗೆ.

ಹೊಗಳಿಕೆ ಇಲ್ಲಿಗೆ ಮುಗಿಯಿತು. ಈಗ ಹುಡುಗಿಯ ಪ್ರಶ್ನೆಗೆ ಬರೋಣ.

*

ಹೆಸರು ಮುಚ್ಚಬಹುದು. ನಾಲಿಗೆಯನ್ನು ಹೇಗೆ ಮುಚ್ಚುತ್ತೀರಿ?

ಕನ್ನಡದಲ್ಲಿ ಒಬ್ಬ ಮನುಷ್ಯ ಎರಡು ವಾಕ್ಯ ಮಾತಾಡಿದರೆ ಸಾಕು, ಕೇಳುವವನಿಗೆ ಊರು ಗೊತ್ತಾಗುತ್ತದೆ, ಕೇರಿ ಗೊತ್ತಾಗುತ್ತದೆ, ಬಹಳ ಸಲ ಜಾತಿಯೂ ಗೊತ್ತಾಗುತ್ತದೆ. ಬರಹದಲ್ಲೂ ಅಷ್ಟೆ. ಹಾಗಾದರೆ ಹೆಸರಿಲ್ಲದ ಕಥೆಯನ್ನು ಕೈಗೆತ್ತಿಕೊಂಡ ತೀರ್ಪುಗಾರ ಓದುವುದು ಏನನ್ನು? ಆ ನಾಲಿಗೆಯನ್ನು. ಅವನ ಕಿವಿಗೆ ಒಂದು ಭಾಷೆ ಹಿತವಾಗಿ ಕೇಳುತ್ತದೆ, ಇನ್ನೊಂದು ಒರಟಾಗಿ ಕೇಳುತ್ತದೆ. ಹಿತವಾಗಿ ಕೇಳಿದ್ದಕ್ಕೆ ಅವನು 'ಕಲಾತ್ಮಕ' ಅನ್ನುತ್ತಾನೆ. ಒರಟಾಗಿ ಕೇಳಿದ್ದಕ್ಕೆ 'ಅನುಭವವೇನೋ ಇದೆ, ಅಭಿವ್ಯಕ್ತಿ ಪಕ್ವವಾಗಿಲ್ಲ' ಅನ್ನುತ್ತಾನೆ. ಈ ಎರಡನೆಯ ಮಾತನ್ನು ಕೇಳಿಸಿಕೊಳ್ಳದ ದಲಿತ ಬರಹಗಾರ ಕನ್ನಡದಲ್ಲಿ ಯಾರಿದ್ದಾನೆ? ತೀರ್ಪುಗಾರ ಜಾತಿವಾದಿ ಅಂತ ನಾನು ಹೇಳುತ್ತಿಲ್ಲ. ಅವನು ಬಹಳ ಸಜ್ಜನನಿರಬಹುದು. ಆದರೆ ಅವನ ಕಿವಿ ಬೆಳೆದದ್ದು ಯಾವ ಕೇರಿಯಲ್ಲಿ?

ಮರಾಠಿಯ ಬಾಬುರಾವ್ ಬಾಗುಲ್ 1963ರಲ್ಲಿ ಒಂದು ಕಥಾಸಂಕಲನ ತಂದರು. ನಾನು ಜಾತಿ ಕದ್ದಾಗ ಎಂಬ ಅರ್ಥದ ಹೆಸರು ಅದಕ್ಕೆ. ಆ ಹೆಸರಿನ ಕಥೆಯಲ್ಲಿ ಪರವೂರಿಗೆ ನೌಕರಿಗೆ ಹೋದ ದಲಿತ ಯುವಕನೊಬ್ಬ ಬಾಡಿಗೆ ಮನೆಗಾಗಿ ತನ್ನ ಜಾತಿ ಮುಚ್ಚಿಡುತ್ತಾನೆ. ಗುಟ್ಟು ಬಯಲಾದಾಗ ಹೊಡೆತ ತಿನ್ನುತ್ತಾನೆ. ಹೆಸರು ಮುಚ್ಚಿ ಕಥೆ ಕಳಿಸುವಾಗಲೆಲ್ಲ ನನಗೆ ಆ ಕಥೆ ನೆನಪಾಗುತ್ತದೆ. ಬಹುಮಾನ ಬೇಕಾದರೆ ಭಾಷೆ ಶುದ್ಧ ಮಾಡು ಅಂದರೆ ಅರ್ಥವೇನು? ಬಾಡಿಗೆ ಮನೆ ಬೇಕಾದರೆ ಜಾತಿ ಮುಚ್ಚಿಡು ಅಂದಂತೆಯೇ. ಮನೆ ಸಿಗುತ್ತದೆ. ಒಳಗೆ ಇರುವವನು ಮಾತ್ರ ನೀನಲ್ಲ.

ಕನ್ನಡದಲ್ಲಿ ಈ ಕಿವಿಯನ್ನು ಬದಲಾಯಿಸಿದ್ದು ಯಾವ ತೀರ್ಪುಗಾರರ ಸಮಿತಿಯೂ ಅಲ್ಲ. ಬೀದಿಯಲ್ಲಿ ನಡೆದ ಜಗಳ ಅದನ್ನು ಬದಲಾಯಿಸಿತು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಾಗ ಎದ್ದ ಗದ್ದಲ, ದಲಿತ ವಿದ್ಯಾರ್ಥಿಗಳ ಮೇಲೆ ಬಿದ್ದ ಏಟು ನಮ್ಮ ಹಿರಿಯ ಗೆಳೆಯರಿಗೆ ಇನ್ನೂ ನೆನಪಿದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದರೆ ಸಾಹಿತ್ಯದಲ್ಲಿ ಅಂಥ ಭೇದವಿಲ್ಲ ಎಂಬ ಉತ್ತರ ಬಂತು. ಭೇದವಿಲ್ಲ ಎಂದು ಹೇಳುವ ಹಕ್ಕು ಭೇದ ಮಾಡಿದವನದಾಗಿತ್ತು. ಅದೇ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಮರುವರ್ಷ, 1980ರಲ್ಲಿ, ಸಾಹಿತ್ಯ ಸಮ್ಮೇಳನ ಇದೇ ಬೆಳಗಾವಿಗೆ ಬಂತು. ಅಧ್ಯಕ್ಷರಾಗಿ ಕೂತವರು ಬಸವರಾಜ ಕಟ್ಟೀಮನಿ. 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಪಡೆದವರು, 'ಜರತಾರಿ ಜಗದ್ಗುರು' ಬರೆದು ಮಠಗಳ ಸಿಟ್ಟು ಕಟ್ಟಿಕೊಂಡವರು. ನಮ್ಮ ಜಿಲ್ಲೆಯ ಹೊಲಗೇರಿ, ಗಿರಣಿಗೇರಿಗಳನ್ನು ಕಾದಂಬರಿಗೆ ತರಬಹುದೆಂದು ತೋರಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು.

ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ 'ಇದು ಓದಲಿಕ್ಕೇ ಆಗುವುದಿಲ್ಲ' ಅಂದ ಪಂಡಿತರು ಬಹಳ. ನಂಜನಗೂಡು ಸೀಮೆಯ ದಲಿತರ ಆಡುಮಾತು ಪಂಡಿತರಿಗೆ ಪರಭಾಷೆಯಾಗಿ ಕಂಡಿತು. 1990ರಲ್ಲಿ ಅದೇ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆರು ವರ್ಷದಲ್ಲಿ ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಕಿವಿ. ಇದನ್ನು ನಾವು ಗಟ್ಟಿಯಾಗಿ ನೆನಪಿಡಬೇಕು. ಪ್ರಶಸ್ತಿ ಆ ಭಾಷೆಗೆ ಗೌರವ ಕೊಡಲಿಲ್ಲ. ಆ ಭಾಷೆ ಬಂದು ಪ್ರಶಸ್ತಿಗೆ ಗೌರವ ತಂದಿತು.

*

ಇಷ್ಟಾದ ಮೇಲೂ ಖಾನಾಪುರದ ಹುಡುಗಿಗೆ ಉತ್ತರ ಸಿಕ್ಕಿಲ್ಲ. ನಂಜನಗೂಡಿನ ಕನ್ನಡ, ಮಂಡ್ಯದ ಕನ್ನಡ, ಕಲಬುರ್ಗಿಯ ಕನ್ನಡ ಇವೆಲ್ಲ ಈಗ ಕಥೆಯ ಭಾಷೆಗಳು. ಆದರೆ ಅವು ಏನೇ ಆದರೂ 'ಕನ್ನಡ'. ಗಡಿಯ ಮೇಲಿನ ಮಾತು ಹಾಗಲ್ಲ.

ಖಾನಾಪುರ ತಾಲ್ಲೂಕನ್ನು ನೋಡಿದವರಿಗೆ ಗೊತ್ತು. ಪಶ್ಚಿಮಕ್ಕೆ ಕಾಡು, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ವಿಪರೀತ ಮಳೆ, ಭತ್ತದ ಗದ್ದೆ. ಊರ ಸುತ್ತ ಹಂಚಿನ ಭಟ್ಟಿ, ಕುಂಬಾರಿಕೆ. ಮರಾಠಿ ಮಾತಾಡುವ ಜನ ಬಹಳ. ಕೊಂಕಣಿ ಇದೆ, ದಖನಿ ಉರ್ದು ಇದೆ, ಪೂರ್ವದ ಕಡೆ ಬಂದಂತೆ ಕನ್ನಡ ದಟ್ಟವಾಗುತ್ತದೆ. ಭಟ್ಟಿಯಲ್ಲಿ ಮಣ್ಣು ತುಳಿಯುವ ಹೆಣ್ಣುಮಗಳು ಮಾಲಕನ ಜತೆ ಒಂದು ಭಾಷೆ, ಜತೆಗಾತಿಯ ಜತೆ ಒಂದು ಭಾಷೆ, ಮಗುವಿನ ಜತೆ ಇನ್ನೊಂದು ಭಾಷೆ ಆಡುತ್ತಾಳೆ. ಆಕೆಗೆ ಇವು ಮೂರು ಭಾಷೆಗಳೆಂಬ ಅರಿವೂ ಇಲ್ಲ. ಆಕೆಗೆ ಅದು ಮಾತು, ಅಷ್ಟೆ.

ಆದರೆ ಮೇಲಿನವರಿಗೆ ಇದು ಜಗಳದ ವಸ್ತು. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗಿನಿಂದ ಈ ನೆಲ ಯಾರದೆಂಬ ತಕರಾರು. 1967ರಲ್ಲಿ ಮಹಾಜನ ಆಯೋಗದ ವರದಿ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ. ಬೋರ್ಡಿಗೆ ಮಸಿ, ಬಸ್ಸಿಗೆ ಕಲ್ಲು. ಈ ಜಗಳದಲ್ಲಿ ಎರಡೂ ಕಡೆಯ ಧುರೀಣರು ಒಂದು ವಿಷಯದಲ್ಲಿ ಮಾತ್ರ ಒಪ್ಪಿಕೊಂಡಿದ್ದಾರೆ: ಭಾಷೆ ಶುದ್ಧವಾಗಿರಬೇಕು. ಕನ್ನಡದವನಿಗೆ ಈ ಹುಡುಗಿಯ ಕನ್ನಡದಲ್ಲಿ ಮರಾಠಿಯ ಮೈಲಿಗೆ ಕಾಣುತ್ತದೆ. ಮರಾಠಿಯವನಿಗೆ ಇವಳ ಅವ್ವನ ಮರಾಠಿಯಲ್ಲಿ ಕನ್ನಡದ ಮೈಲಿಗೆ ಕಾಣುತ್ತದೆ. ಮೈಲಿಗೆ ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಭಾಷೆಯ ಶುದ್ಧಿಯ ಮಾತಿನ ಹಿಂದೆ ಇರುವುದು ಮಡಿಯ ಅದೇ ಹಳೆಯ ಬುದ್ಧಿ. ಮುಟ್ಟಿದರೆ ಕೆಟ್ಟಿತು ಎಂಬ ಬುದ್ಧಿ.

ದಲಿತರಿಗೆ ಈ ಗಡಿ ಎಂದೂ ಗೋಡೆಯಾಗಿರಲಿಲ್ಲ. 1925ರಲ್ಲಿ ಬಾಬಾಸಾಹೇಬರು ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದಾಗ ಕೇಳಿದವರಲ್ಲಿ ಕನ್ನಡದವರೆಷ್ಟು ಮರಾಠಿಯವರೆಷ್ಟು ಎಂದು ಯಾರು ತಲೆ ಎಣಿಸಿದ್ದರು? ಶಾಲೆಯ ಮುಖವನ್ನು ಸರಿಯಾಗಿ ಕಾಣದ ಅಣ್ಣಾಭಾವು ಸಾಠೆಯವರು 1958ರಲ್ಲಿ ಮುಂಬಯಿಯ ಮೊದಲ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದರು. ನಮ್ಮ ಬೆಂಗಳೂರಿನ ಸಮ್ಮೇಳನಕ್ಕಿಂತ 21 ವರ್ಷ ಮೊದಲು. ಅವರ 'ಫಕೀರಾ' ಕಾದಂಬರಿಗೆ ಮಹಾರಾಷ್ಟ್ರ ಸರ್ಕಾರದ ಬಹುಮಾನ ಬಂತು. ಸಾಠೆಯವರ ಊರು ವಾಟೇಗಾಂವ ಇಲ್ಲಿಂದ ಬಹಳ ದೂರವೇನಲ್ಲ. ಮರಾಠಿಯ ದಲಿತ ಆತ್ಮಕಥೆಗಳು ಕನ್ನಡಕ್ಕೆ ಬಂದು ನಮ್ಮ ಹುಡುಗರ ಕೈ ಸೇರಿದ್ದರಲ್ಲಿ ಈ ಸೀಮೆಯ ಎರಡು ನಾಲಿಗೆಯ ಅನುವಾದಕರ ದುಡಿಮೆ ದೊಡ್ಡದು. ಕೂಡುಮಾತನ್ನು 'ಕಲಬೆರಕೆ' ಎಂದು ಹೀಗಳೆಯುತ್ತೀರಲ್ಲ, ಆ ಕಲಬೆರಕೆ ಇಲ್ಲದಿದ್ದರೆ ನಮ್ಮ ಚಳವಳಿಗೆ ಅರ್ಧ ಬಲ ಇರುತ್ತಿರಲಿಲ್ಲ.

ಖಾನಾಪುರ ತಾಲ್ಲೂಕಿನದೇ ನಂದಗಡ. 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೆ ಹಾಕಿದ ಊರು. ಕುರುಬರ ರಾಯಣ್ಣ, ಸಾಮಾನ್ಯ ವಾಲೀಕಾರ. ಅವನ ಕಥೆಯನ್ನು ಬದುಕಿಸಿದ್ದು ಲಾವಣಿ ಹಾಡುವವರು. ಅವರಿಗೆ ಯಾರೂ ಬಹುಮಾನ ಕೊಟ್ಟಿರಲಿಲ್ಲ, ಭಾಷೆ ತಿದ್ದಿಕೊಂಡು ಬಾ ಅಂತಲೂ ಹೇಳಿರಲಿಲ್ಲ. ಕಥೆ ಬದುಕುವುದಕ್ಕೆ ಬಹುಮಾನವೇ ಬೇಕು ಅಂತೇನಿಲ್ಲ. ಬಹುಮಾನ ಬದುಕುವುದಕ್ಕೆ ಮಾತ್ರ ಕಥೆ ಬೇಕು.

*

ಇನ್ನು ಎಲ್ಲರ ಬಾಯಲ್ಲೂ ಇರುವ ದೊಡ್ಡ ಬಹುಮಾನಕ್ಕೆ ಬರುತ್ತೇನೆ. ಈ ಕೂಡುಮಾತಿನ ಪ್ರಶ್ನೆಗೆ ಅಲ್ಲೊಂದು ಪಾಠ ಇದೆ.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನದಲ್ಲಿ 12 ಕಥೆಗಳಿವೆ. ಕನ್ನಡದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಮೊದಲ ಸಲ. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಮೊದಲ ಸಲ. 50,000 ಪೌಂಡಿನ ಹಣ ಕಥೆಗಾರ್ತಿಗೂ ಅನುವಾದಕಿಗೂ ಸಮಪಾಲು. ಬಾನು ಬಂಡಾಯದ ಅಂಗಳದಲ್ಲಿ ಬೆಳೆದವರು, ಲಂಕೇಶ್ ಪತ್ರಿಕೆಗೆ ವರದಿ ಬರೆದವರು, ಹಾಸನದ ಕೋರ್ಟಿನಲ್ಲಿ ವಕೀಲಿಕೆ ಮಾಡಿದವರು. ಮಸೀದಿಯಲ್ಲಿ ಹೆಂಗಸರಿಗೂ ಪ್ರಾರ್ಥನೆಯ ಹಕ್ಕಿದೆ ಅಂದದ್ದಕ್ಕೆ 2000ದಲ್ಲಿ ಸ್ವಂತ ಸಮುದಾಯದಿಂದ ಬಹಿಷ್ಕಾರ ಉಂಡವರು.

ನಾನು ಹೇಳಬೇಕಾದ್ದು ಭಾಷೆಯ ಬಗ್ಗೆ. ಬಾನು ಅವರ ಪಾತ್ರಗಳು ಆಡುವುದು ಕೂಡುಮಾತು. ಮನೆಯ ದಖನಿ ಉರ್ದು, ನಮಾಜಿನ ಅರಬ್ಬಿ ಶಬ್ದ, ಬೀದಿಯ ಕನ್ನಡ ಒಂದೇ ವಾಕ್ಯದಲ್ಲಿ ಬಂದು ಕೂರುತ್ತವೆ. ಅನುವಾದಕಿ ಅದನ್ನು ಇಸ್ತ್ರಿ ಮಾಡಲಿಲ್ಲ. ಪರದೇಶಿ ಶಬ್ದಗಳನ್ನು ಓರೆ ಅಕ್ಷರದಲ್ಲಿ ಹಾಕಿ ಬೇರೆ ಪಂಕ್ತಿಯಲ್ಲಿ ಕೂರಿಸಲಿಲ್ಲ, ಅಡಿಟಿಪ್ಪಣಿಯ ಊರುಗೋಲನ್ನೂ ಕೊಡಲಿಲ್ಲ. ಮೂಲದ ಉಚ್ಚಾರಣೆಯ ವಾಸನೆ ಇಂಗ್ಲಿಷಿನಲ್ಲೂ ಹೊಡೆಯಬೇಕು ಎಂಬುದು ಆಕೆಯ ಹಟ. ಆ ವಾಸನೆಯ ಸಮೇತ ಲಂಡನ್ನಿನವರು ಬಹುಮಾನ ಕೊಟ್ಟರು. ಹಾಸನದ ಮುಸ್ಲಿಂ ಹೆಣ್ಣಿನ ಕೂಡುಮಾತು ಲಂಡನ್ನಿನ ಕಿವಿಗೆ ತಾಗಬಹುದಾದರೆ, ಖಾನಾಪುರದ ಹಂಚಿನ ಭಟ್ಟಿಯ ಕೂಡುಮಾತು ನಮ್ಮದೇ ಕಿವಿಗೆ ಯಾಕೆ ಒರಟು?

ಬಹುಮಾನದ ನಂತರ ನಡೆದದ್ದನ್ನೂ ಹೇಳಬೇಕು. ಬುಕರ್ ಬಂದ ದಿನ ನಾಡೆಲ್ಲ ಕುಣಿಯಿತು. ಕನ್ನಡದ ಹಿರಿಮೆ, ಕನ್ನಡದ ಗರಿಮೆ ಅಂತ ಫಲಕ ಕಟ್ಟಿದರು. ನಾಲ್ಕು ತಿಂಗಳು ಕಳೆಯಲಿಲ್ಲ. ಸರ್ಕಾರ ಮೈಸೂರು ದಸರಾ ಉದ್ಘಾಟನೆಗೆ ಆಕೆಯನ್ನು ಕರೆದಾಗ ಕುಣಿದವರಲ್ಲೇ ಕೆಲವರು ಆಕೆ ದೀಪ ಬೆಳಗಬಾರದು ಎಂದು ಕೋರ್ಟಿಗೆ ಹೋದರು. 2023ರಲ್ಲಿ ಆಕೆ ಆಡಿದ ಮಾತೊಂದನ್ನು ಎತ್ತಿ ತಂದರು. ಕನ್ನಡವನ್ನು ದೇವಿಯಾಗಿಸಿ ಅರಿಶಿನ ಕುಂಕುಮ ಹಚ್ಚಿಬಿಟ್ಟರೆ ನಾನು ಎಲ್ಲಿ ನಿಲ್ಲಬೇಕು ಎಂಬುದು ಆಕೆಯ ಪ್ರಶ್ನೆಯ ತಾತ್ಪರ್ಯ. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಅರ್ಜಿಗಳನ್ನು ವಜಾ ಮಾಡಿದವು. 2025ರ ಸೆಪ್ಟೆಂಬರ್ 22ರಂದು ಆಕೆ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಪ್ರಶಸ್ತಿಯನ್ನು ಸಂಭ್ರಮಿಸುವುದು ಬೇರೆ, ಪ್ರಶಸ್ತಿ ಪಡೆದ ಕಥೆಯನ್ನು ಓದುವುದು ಬೇರೆ. ಓದಿದ್ದರೆ ಗೊತ್ತಾಗುತ್ತಿತ್ತು, ಆಕೆಯ ಕಥೆಗಳು ಮೊದಲು ಪ್ರಶ್ನೆ ಹಾಕಿದ್ದು ತನ್ನ ಸಮುದಾಯದ ಗಂಡಸರಿಗೇ ಎಂದು. ಆಕೆಯನ್ನು ಒಂದು ಧರ್ಮದ ಗುರುತುಚೀಟಿಯಾಗಿ ನೋಡಿದವರು ಕಥೆ ಓದಿರಲಿಲ್ಲ, ಹೆಸರು ಓದಿದ್ದರು. ಹೆಸರು ಮುಚ್ಚಿದ ಸ್ಪರ್ಧೆಯ ಹಾಳೆಗೂ ಈ ಹೆಸರನ್ನಷ್ಟೇ ಓದುವ ನಾಡಿಗೂ ಎಷ್ಟು ಅಂತರ ನೋಡಿ.

*

ಈಗ ಸ್ವಲ್ಪ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಒಂದು ಕಾಲಕ್ಕೆ ಪ್ರಶಸ್ತಿ ಬೇಡ ಅಂದ ನಮ್ಮವರೇ ಮುಂದೆ ಅಕಾಡೆಮಿಗಳಲ್ಲಿ ಕೂತರು, ತೀರ್ಪುಗಾರರಾದರು. ಕೂತದ್ದು ತಪ್ಪಲ್ಲ. ಕೂರಬೇಕು. ಆದರೆ ಕೂತ ಮೇಲೆ ಕೆಲವರ ಕಿವಿ ಕುರ್ಚಿಯ ಕಿವಿಯಾಯಿತು. ದಲಿತ ಕಥೆ ಅಂದರೆ ಇಂಥ ಹಸಿವು, ಇಂಥ ಗೌಡ, ಇಂಥ ಹೊಡೆತ, ಕೊನೆಗೊಂದು ಸಿಟ್ಟು ಎಂಬ ಅಚ್ಚು ತಯಾರಾಯಿತು. ಅಚ್ಚಿಗೆ ಹೊಂದದ ಕಥೆಗೆ 'ಬದ್ಧತೆ ಸಾಲದು' ಅಂದೆವು. ಮೊದಲಿನವರು 'ಕಲೆ ಸಾಲದು' ಅಂದರು, ನಾವು 'ಬದ್ಧತೆ ಸಾಲದು' ಅಂದೆವು. ಕಥೆ ಬರೆದ ಹುಡುಗನಿಗೆ ಎರಡೂ ಒಂದೇ ಬಾಗಿಲು.

ಬೇಡವೆನ್ನುವ ದಾರಿಯೂ ಒಂದಿದೆ. ಅದರ ಬೆಲೆ ದೊಡ್ಡದು. ದೇವನೂರ ಮಹಾದೇವರು 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ಒಲ್ಲೆನೆಂದರು. ಕನ್ನಡ ಇನ್ನೂ ಮಕ್ಕಳ ಶಿಕ್ಷಣದ ಭಾಷೆಯಾಗದಿರುವಾಗ ಕನ್ನಡದ ಹೆಸರಿನ ದೊಡ್ಡ ಪ್ರಶಸ್ತಿ ಹೇಗೆ ತಗೊಳ್ಳಲಿ ಎಂಬುದು ಅವರ ಕಾರಣ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು. ದೇಶದಲ್ಲಿ ಹೆಚ್ಚುತ್ತಿದ್ದ ಅಸಹನೆಯನ್ನು ಪ್ರತಿಭಟಿಸಿ ಆ ವರ್ಷ ಅವರು ಅಕಾಡೆಮಿ ಪ್ರಶಸ್ತಿಯನ್ನೂ ಪದ್ಮಶ್ರೀಯನ್ನೂ ಹಿಂದಿರುಗಿಸಿದರು. ಆದರೆ ಒಂದು ಮಾತು. ನಿರಾಕರಿಸುವುದಕ್ಕೂ ಮೊದಲು ಪ್ರಶಸ್ತಿ ಮನೆ ಬಾಗಿಲಿಗೆ ಬಂದಿರಬೇಕು. ಭಟ್ಟಿಯ ಹೆಣ್ಣುಮಗಳ ಮಗಳಿಗೆ ನೀನೂ ನಿರಾಕರಿಸು ಎಂದು ಉಪದೇಶ ಮಾಡುವುದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಆಕೆಗೆ ಬೇಕಾದ್ದು ಮೊದಲು ತನ್ನ ಕಥೆ ಅಚ್ಚಿನಲ್ಲಿ ಕಾಣುವುದು. ಅದರ ಕೆಳಗೆ ತನ್ನ ಹೆಸರು ಕಾಣುವುದು.

ಆದ್ದರಿಂದ ದೀಪಾವಳಿ ಸ್ಪರ್ಧೆಯನ್ನು ಸಂಭ್ರಮಿಸೋಣ. ಆದರೆ ಗೆದ್ದವರಿಗೆ ಹಾರ ಹಾಕಿ ಮನೆಗೆ ಹೋಗುವುದಲ್ಲ. ನನ್ನ ಸಲಹೆ ಮೂರು.

ಒಂದು: ಮಾಸ್ತರರು ಬಹುಮಾನದ ಕಥೆಗಳನ್ನು ಶಾಲೆಯಲ್ಲಿ, ಕೇರಿಯಲ್ಲಿ ಜೋರಾಗಿ ಓದಬೇಕು. ಓದು ಬಾರದವರೂ ಕೇಳಿ ಇದು ನಮ್ಮ ಮಾತು ಹೌದೋ ಅಲ್ಲವೋ ಹೇಳಲಿ. ಅವರೂ ತೀರ್ಪುಗಾರರೇ.

ಎರಡು: ಬಹುಮಾನ ಬಾರದ ಕಥೆಗಳನ್ನು ನಮ್ಮಂಥ ಸಣ್ಣ ಪತ್ರಿಕೆಗಳು ಕೇಳಿ ತರಿಸಿಕೊಳ್ಳಬೇಕು. ಸೋತ ಕಥೆಗಳೆಲ್ಲ ಒಳ್ಳೆಯವು ಅಂತಲ್ಲ. ಆದರೆ ಪಕ್ವವಾಗಿಲ್ಲವೆಂದು ಬದಿಗಿಟ್ಟ ರಾಶಿಯೊಳಗೆ ಮುಂದಿನ ಇಪ್ಪತ್ತು ವರ್ಷದ ಕನ್ನಡ ಬಿದ್ದಿರುತ್ತದೆ. ಸಣ್ಣ ಪತ್ರಿಕೆ ಇರುವುದು ಯಾತಕ್ಕೆ?

ಮೂರು: ತೀರ್ಪುಗಾರರಾಗಿ ಕೂತ ಗೆಳೆಯರು ಒಂದು ಕಥೆಯ ಭಾಷೆ ತಮಗೆ ಒರಟು ಕಂಡಾಗ ಅದನ್ನು ಬದಿಗಿಡುವ ಮೊದಲು ಇನ್ನೊಂದು ಸಲ ಬಾಯಿಬಿಟ್ಟು ಓದಬೇಕು. ಕಣ್ಣಿಗೆ ಒರಟಾದ ಎಷ್ಟೋ ಮಾತು ಬಾಯಿಗೆ ಬಂದಾಗ ಸಲೀಸಾಗುತ್ತದೆ. ಆಡುಮಾತು ಇರುವುದೇ ಬಾಯಿಗಾಗಿ.

ಅವತ್ತು ಸಂಜೆ ಕೋಟೆಯಿಂದ ಹೊರಡುವ ಮುಂಚೆ ಹುಡುಗಿಯ ಕಥೆಯನ್ನು ಓದಿಸಿದೆವು. ಆಕೆ ಎರಡು ಪ್ರತಿ ತಂದಿದ್ದಳು: ಮೊದಲು ಬರೆದದ್ದು ಒಂದು, ಯಾರೋ 'ಸುದ್ದ' ಮಾಡಿಕೊಟ್ಟದ್ದು ಒಂದು. ಶುದ್ಧ ಪ್ರತಿಯಲ್ಲಿ ಅವ್ವ "ಮಗಳೇ, ನನ್ನ ಕೈಗಳು ಸುಟ್ಟುಹೋಗಿವೆ" ಅನ್ನುತ್ತಾಳೆ. ಅದನ್ನು ಓದುವಾಗ ಹುಡುಗಿಗೇ ನಗು ಬಂತು. ಅವರವ್ವ ಹುಟ್ಟಿದಾಗಿನಿಂದ ಹಾಗೆ ಮಾತಾಡಿದ್ದಿಲ್ಲ. ಮೊದಲ ಪ್ರತಿಯಲ್ಲಿ ಅವ್ವ ಮಗಳ ಕೈಯನ್ನು ತನ್ನ ಕೈಮೇಲೆ ಇಟ್ಟುಕೊಂಡು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಒಂದೇ ಮಾತು ಅನ್ನುತ್ತಾಳೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯ ಕಥೆಯಲ್ಲೇ ಬರಲಿ. ಅದನ್ನು ಕೇಳಿ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ದಿನ ಹಾರಿಕೆಯ ಉತ್ತರ ಕೊಟ್ಟಿದ್ದೆ. ಈಗ ನೆಟ್ಟಗೆ ಹೇಳುತ್ತೇನೆ. ತಂಗಿ, ಮೊದಲ ಪ್ರತಿಯನ್ನೇ ಕಳಿಸು. ಬಹುಮಾನ ಬರುತ್ತದೋ ಇಲ್ಲವೋ ನಾನು ಹೇಳಲಾರೆ. ಬಾರದಿದ್ದರೆ ಅದನ್ನು ಇಲ್ಲಿಗೆ ಕಳಿಸು. ಒಂದಕ್ಷರ ತಿದ್ದದೆ ಹಾಕುತ್ತೇವೆ.